ಬಾಚಣಿಗೆ ಅತ್ತೆಯ ಬಾಡಿಗೆ ಕರಾರು

ಅವರಿಗೆ ಹೆತ್ತವರಿಟ್ಟ ಹೆಸರು ಒಂದಿತ್ತು. ಹೆಣ್ಣುಮಕ್ಕಳ ಹಾಸ್ಟೆಲಿಗೆ ಮೇಲ್ವಿಚಾರಕಿಯಾಗಿ ಸೇರಿದ ಕೆಲವೇ ತಿಂಗಳಲ್ಲಿ ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿಯಿತು. ಬೆಳಗಿನ ಗಂಟೆ ಹೊಡೆಯುವ ಮುಂಚೆ ಒಬ್ಬೊಬ್ಬಳೇ ಹುಡುಗಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ಸಿಕ್ಕು ಬಿಡಿಸಿ, ಬಿಗಿಯಾಗಿ ಎರಡು ಜಡೆ ಹೆಣೆದು, ಬೆನ್ನ ಮೇಲೊಂದು ಹಗುರವಾದ ಏಟು ಕೊಟ್ಟು ಎಬ್ಬಿಸುತ್ತಿದ್ದರು. ಏಟು ಬಿತ್ತೆಂದರೆ ಜಡೆ ಮುಗಿಯಿತೆಂದು ಅರ್ಥ. ನೋವೆಂದು ಮೂಗೆಳೆಯುವವಳಿಗೆ, "ಅಳೋದಾದ್ರೆ ಅಳು, ತಲೆ ಮಾತ್ರ ಅಲ್ಲಾಡಿಸ್ಬೇಡ" ಎನ್ನುತ್ತಿದ್ದರು. ಹುಡುಗಿಯರು ಅವರನ್ನು ಬಾಚಣಿಗೆ ಅತ್ತೆ ಎಂದು ಕರೆದರು. ಹಾಲಿನವನು, ಅಂಚೆಯವನು, ಕಡೆಗೆ ಹಾಸ್ಟೆಲಿನ ಕಾರ್ಯದರ್ಶಿಯೂ ಅದನ್ನೇ ಹಿಡಿದರು. ಮದುವೆಯಾಗದೆ ಉಳಿದ ಅವರಿಗೆ ಇಡೀ ಊರೇ ಹೀಗೆ ಸೋದರಳಿಯ, ಸೋದರಸೊಸೆಯರಿಂದ ತುಂಬಿಹೋಯಿತು.

ನಿವೃತ್ತರಾದ ಮೇಲೆ ಉಳಿತಾಯದ ಹಣದಲ್ಲಿ ಬೀದಿಯಂಚಿನ ಒಂದು ಮನೆ ಕೊಂಡರು. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆ, ಅದರ ಹಿಂದೆ ನಡುಮನೆ, ಮಲಗುವ ಕೋಣೆ, ಅಡುಗೆಮನೆ. ಪಕ್ಕದ ಓಣಿಯಿಂದ ಮನೆಗೆ ಇನ್ನೊಂದು ಬಾಗಿಲು. ಮನೆಯೇನೋ ಚೆನ್ನಾಗಿತ್ತು. ಆದರೆ ಬೆಳಿಗ್ಗೆ ಎದ್ದರೆ ಕೈಗೆ ಕೆಲಸವಿರಲಿಲ್ಲ. ತಮ್ಮದೇ ನಾಲ್ಕು ನರೆಗೂದಲನ್ನು ಬಾಚಿ, ಬಿಚ್ಚಿ, ಮತ್ತೆ ಬಾಚಿ, ಹೊತ್ತು ಹೋಗದೆ ಕಿಟಕಿಯ ಸರಳು ಒರೆಸುತ್ತ ಕುಳಿತಿರುವಾಗ ಫೋಟೋ ತೆಗೆಯುವ ಒಬ್ಬಾತ ಮುಂದಿನ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದ. ನಲವತ್ತರ ಹತ್ತಿರದವನು, ಮಾತು ಕಡಿಮೆ, ನಗು ಜಾಸ್ತಿ. ಅತ್ತೆಗೆ ಹಿಡಿಸಿದ. ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಬರೆಸಿ, ಇಬ್ಬರೂ ಸಹಿ ಹಾಕಿ, ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆತರು. ಹನ್ನೊಂದು ತಿಂಗಳು ಮುಗಿದು ವರ್ಷಗಳೇ ಉರುಳಿದವು. ಬಾಡಿಗೆ ಬರುತ್ತಿತ್ತು, ಫೋಟೋದವನೂ ಇದ್ದ, ಮತ್ತೇನು ಬೇಕು?

ಮುಂದಿನ ಕೋಣೆಗೂ ನಡುಮನೆಗೂ ನಡುವೆ ಒಂದು ಬಾಗಿಲಿತ್ತು. ಮೊದಮೊದಲು ಅದು ಮುಚ್ಚಿಯೇ ಇರುತ್ತಿತ್ತು. ಒಂದು ದಿನ ಕೆದರಿದ ತಲೆಯ ಹುಡುಗಿಯೊಬ್ಬಳು ಕ್ಯಾಮರಾದ ಮುಂದೆ ಕುಳಿತಿದ್ದನ್ನು ಬಾಗಿಲ ಸಂದಿನಿಂದ ನೋಡಿದ ಅತ್ತೆಗೆ ತಡೆಯಲಾಗಲಿಲ್ಲ. "ಏ ತಮ್ಮಾ, ಒಂದು ನಿಮಿಷ ತಡಿ" ಎಂದು ಅವಳನ್ನು ಒಳಗೆ ಕರೆದೊಯ್ದು, ನಿಲುವುಗನ್ನಡಿಯ ಮುಂದೆ ಕೂರಿಸಿ, ಜಡೆ ಹಾಕಿ, ಬೆನ್ನಿಗೊಂದು ಏಟು ಕೊಟ್ಟು ಕಳಿಸಿದರು. ಅಂದಿನಿಂದ ಆ ಬಾಗಿಲು ಮುಚ್ಚಲಿಲ್ಲ. ಬಂದವರೆಲ್ಲ ಮೊದಲು ನಡುಮನೆಗೆ ಬರತೊಡಗಿದರು. ಅತ್ತೆ ಕಾಲರು ಸರಿಮಾಡುವರು, ಬಿದ್ದ ಗುಂಡಿ ಹೊಲಿಯುವರು, ಮಕ್ಕಳ ಮೂಗು ಒರೆಸುವರು. ಗಂಟುಮುಖ ಹಾಕಿಕೊಂಡು ಬಂದವರನ್ನು ನಗಿಸಿಯೇ ಹೊರಗೆ ಬಿಡುವರು. "ಬೆಳಕು ಹಾಕೋದು ನಾನು, ಮುಖ ತರೋದು ಅತ್ತೆ" ಎಂದು ಫೋಟೋದವನು ಎಲ್ಲರಿಗೂ ಹೇಳುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ, ಕಂಕುಳಲ್ಲಿ ಕಡತ ಇಟ್ಟುಕೊಂಡು, ತಲೆಗೂದಲು ಹುಲ್ಲಿನ ಮೆದೆಯಂತೆ ಎದ್ದು ನಿಂತಿದ್ದ ಒಬ್ಬರು ಬಂದರು. ಕಡತ ಹಿಡಿದು ಬರುವವರೆಲ್ಲ ಅರ್ಜಿಗೆ ಅಂಟಿಸುವ ಫೋಟೋ ತೆಗೆಸಲಿಕ್ಕೇ ಬರುವವರು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಕನ್ನಡಿಯ ಮುಂದೆ ಕೂರಿಸಿ ತಲೆಗೆ ಕೈ ಹಾಕಿದರು.

"ಈ ಕೋಣೇನೂ ಸ್ಟುಡಿಯೋಗೇ ಸೇರಿದ್ದಾ?" ಎಂದು ಬಂದವರು ಕನ್ನಡಿಯೊಳಗಿಂದಲೇ ಕೇಳಿದರು.

"ಇದೊಂದೇ ಏನು, ಇಡೀ ಮನೇನೇ ಸ್ಟುಡಿಯೋ ಅಂದ್ಕೊಳ್ಳಿ!" ಅತ್ತೆಗೆ ಹೆಮ್ಮೆ. "ಮದುವೆ ಜೋಡಿ ಬಂದ್ರೆ ಆ ಕೋಣೇಲಿ ಬಟ್ಟೆ ಬದಲಾಯಿಸ್ತಾರೆ. ಕೂಸು ಹಸಿದ್ರೆ ಅಡುಗೆಮನೇಲಿ ಹಾಲು ಕಾಯುತ್ತೆ. ತಲೆ ಅಲ್ಲಾಡಿಸ್ಬೇಡಿ."

ಅವರು ತಲೆ ಅಲ್ಲಾಡಿಸಲಿಲ್ಲ. ಬಾಚಿ ಮುಗಿದ ಮೇಲೆ ಎದ್ದು, ತುಸು ಸಂಕೋಚದಿಂದಲೇ ಜೇಬಿನಿಂದ ಅಳತೆಯ ಟೇಪು ತೆಗೆದರು. ಅವರು ಮನೆ ಕಂದಾಯದ ಕಚೇರಿಯವರು. ಅಳತೆ ಮುಗಿಸಿ ಹೊರಡುವಾಗ, ಹೇಗೂ ತಲೆ ಬಾಚಿಯಾಗಿದೆಯಲ್ಲ ಎಂದು ಒಂದು ಫೋಟೋವನ್ನೂ ತೆಗೆಸಿಕೊಂಡರು.

ತಿಂಗಳೊಳಗೆ ನೋಟೀಸು ಬಂತು. ಈ ವರ್ಷದಿಂದ ಇಡೀ ಮನೆ ವಾಣಿಜ್ಯ ಕಟ್ಟಡವೆಂದು ಲೆಕ್ಕ. ತೆರಿಗೆ ಹಿಂದಿನದಕ್ಕಿಂತ ಹಲವು ಪಟ್ಟು ಹೆಚ್ಚು. ಅತ್ತೆ ಪೆಟ್ಟಿಗೆಯ ಕರಾರನ್ನು ಹುಡುಕಿ ತೆಗೆದು, ನೋಟೀಸಿನ ಜೊತೆಗಿಟ್ಟುಕೊಂಡು ವಕೀಲರ ಮನೆಗೆ ನಡೆದರು. ಫೋಟೋದವನೂ ಬಾಡಿದ ಮುಖದಿಂದ ಹಿಂದೆ ಬಂದ.

ವಕೀಲೆ ಬೇರೆ ಯಾರೂ ಅಲ್ಲ, ಹಾಸ್ಟೆಲಿನ ಹಳೆಯ ಹುಡುಗಿ. ಕರಿ ಕೋಟು, ಕನ್ನಡಕ, ಮೇಜಿನ ತುಂಬ ಪುಸ್ತಕ. ಆದರೂ ಅತ್ತೆ ಒಳಗೆ ಕಾಲಿಟ್ಟೊಡನೆ ಕೈ ತಾನಾಗಿಯೇ ಕೂದಲು ಸವರಿಕೊಂಡಿತು.

"ಹೆದರ್ಬೇಡ ಪುಟ್ಟಿ, ಈಗ ಹೇನಿಲ್ಲ ನಿನ್ನ ತಲೇಲಿ" ಎಂದರು ಅತ್ತೆ.

"ಅತ್ತೇ, ಹೊರಗೆ ಕಕ್ಷಿದಾರರು ಕೂತಿದಾರೆ! ಸ್ವಲ್ಪ ಮೆತ್ತಗೆ." ಅವಳು ನಗುತ್ತಲೇ ಕರಾರು ಬಿಡಿಸಿದಳು. ಓದುತ್ತ ಹೋದಂತೆ ನಗು ಇಳಿಯಿತು. "ಇದರ ಅವಧಿ ಮುಗಿದು ಎಷ್ಟು ಕಾಲ ಆಯ್ತು! ಆಮೇಲೆ ಹೊಸದು ಬರೆಸ್ಲಿಲ್ಲ, ನೋಂದಣಿ ಇಲ್ಲ, ಬಾಡಿಗೆಗೆ ಕೊಟ್ಟ ಜಾಗ ಎಷ್ಟು ಅಂತ ನಕ್ಷೆ ಇಲ್ಲ. ಆರನೇ ಷರತ್ತು ಓದಿದೀರಾ? ಬಾಡಿಗೆದಾರರ ವ್ಯಾಪಾರದಿಂದ ತೆರಿಗೆ ಹೆಚ್ಚಾದ್ರೆ ಆ ಹೆಚ್ಚಳ ಅವರೇ ಕೊಡ್ಬೇಕು ಅಂತಿದೆ."

ಫೋಟೋದವನು ತಲೆಯೆತ್ತಲಿಲ್ಲ. "ಅಷ್ಟು ದುಡಿಮೆ ಇಲ್ಲ ಮೇಡಂ. ನಾನು ಬೇರೆ ಕಡೆ ಜಾಗ ನೋಡ್ಕೊಳ್ತೀನಿ. ಅಂಗಡಿ ಹೋದ್ರೆ ಅತ್ತೆ ಮನೆ ಮತ್ತೆ ಬರೀ ಮನೆ ಆಗುತ್ತೆ, ತೆರಿಗೆ ತಾನಾಗೇ ಇಳಿಯುತ್ತೆ."

ಅತ್ತೆಗೆ ಹಳೆಯ ದಿನಗಳು ಕಣ್ಣಮುಂದೆ ಬಂದವು. ಮತ್ತೆ ಆ ಕಿಟಕಿಯ ಸರಳು, ಮತ್ತೆ ಆ ನಾಲ್ಕು ಕೂದಲು. "ನೀನು ಸುಮ್ನಿರು ತಮ್ಮಾ! ನಾಲಿಗೆ ಉದ್ದ ಮಾಡಿದ್ದು ನಾನು. ನಾನು ಹೇಳಿದ್ದೆಲ್ಲ ಸುಳ್ಳು, ಮುದುಕಿಗೆ ಅರಳುಮರಳು ಅಂತ ಬರೆದುಬಿಡು ಪುಟ್ಟಿ."

"ನೀವು ಹೇಳಿದ್ದು ನಿಜ ತಾನೇ?"

ಅತ್ತೆ ನೋಟೀಸನ್ನು ಮತ್ತೆ ಮಡಿಸತೊಡಗಿದರು.

"ನಿಜಾನ ಸುಳ್ಳು ಅಂತ ನಾನು ಬರೆಯೋಲ್ಲ. ಹಾಗೆ ನಮ್ಮನ್ನ ಬೆಳೆಸ್ಲಿಲ್ಲ ನೀವು" ಎಂದು ವಕೀಲೆ ಕನ್ನಡಕ ತೆಗೆದಿಟ್ಟು ಬಿಡಿಸಿ ಹೇಳಿದಳು. ಒಂದೇ ಕಟ್ಟಡದಲ್ಲಿ ಅಂಗಡಿಯೂ ಮನೆಯೂ ಇರಬಹುದು. ಅಂಗಡಿಯ ಜಾಗಕ್ಕೆ ಅಂಗಡಿಯ ದರ, ವಾಸದ ಜಾಗಕ್ಕೆ ವಾಸದ ದರ. ಆದರೆ ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಕಾಣಬೇಕು. ತಕರಾರು ಅರ್ಜಿ ಕೊಟ್ಟರೆ ಅಧಿಕಾರಿ ಮತ್ತೊಮ್ಮೆ ಬಂದು ನೋಡುತ್ತಾರೆ. ಅಷ್ಟರೊಳಗೆ ನಡುಮನೆ ನಿಜವಾಗಿಯೂ ಮನೆಯಾಗಿರಬೇಕು.

"ಅಂದ್ರೆ?"

"ಆ ನಡುವಿನ ಬಾಗಿಲು, ಅತ್ತೆ. ಅದು ಇರೋ ಹಾಗಿಲ್ಲ. ಬೀಗ ಹಾಕಿದ್ರೆ ಇವತ್ತು ಹಾಕಿ ನಾಳೆ ತೆಗೀತಾರೆ ಅಂತಾರೆ. ಗೋಡೆ ಆಗ್ಬೇಕು."

ಮನೆಯ ಮುಂದೆ ಬಂದಾಗ ಫೋಟೋದವನು, "ಗೋಡೆ ಬೇಡ ಅತ್ತೆ. ನಾನು ಹೋಗೋದೇ ಸರಿ. ನಿಮಗೆ ಆ ಬಾಗಿಲು ಅಂದ್ರೆ ಏನು ಅಂತ ನನಗೆ ಗೊತ್ತಿಲ್ವಾ?" ಎಂದ.

"ಬಾಗಿಲು ಹೋದ್ರೆ ಗೋಡೆ ಆಚೆಯಾದ್ರೂ ನೀನಿರ್ತೀಯ. ನೀನು ಹೋದ್ರೆ ಬಾಗಿಲು ಇಟ್ಕೊಂಡು ನಾನೇನು ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?" ಎಂದು ಗದರಿ ಅತ್ತೆ ಒಳಗೆ ಹೋದರು. ಮರುದಿನ ತಾವೇ ಗಾರೆಯವನನ್ನು ಕರೆಸಿದರು. ಬಾಗಿಲಿದ್ದ ಕಡೆ ಇಟ್ಟಿಗೆ ಏರುತ್ತ ಹೋಯಿತು. ಫೋಟೋದವನ ಮೊಣಕಾಲು ಮರೆಯಾಯಿತು, ಸೊಂಟ ಮರೆಯಾಯಿತು. ಕುತ್ತಿಗೆಯ ತನಕ ಬಂದಾಗ ಅವನು ಆ ಕಡೆಯಿಂದ, "ಅತ್ತೆ, ಸ್ವಲ್ಪ ನಗಿ, ಒಂದು ಫೋಟೋ ತೆಗೀತೀನಿ" ಎಂದ. ಅತ್ತೆ, "ನಿನ್ನ ತಲೆ" ಎಂದು ಬೆನ್ನು ತಿರುಗಿಸಿದರು. ಕಣ್ಣು ಒರೆಸಿಕೊಂಡದ್ದನ್ನು ಗಾರೆಯವನು ಮಾತ್ರ ಕಂಡ.

ಅಧಿಕಾರಿ ಎರಡನೆಯ ಸಲ ಬಂದಾಗ ಓಣಿಯ ಬಾಗಿಲಿನಿಂದ ಬಂದರು. ಗೋಡೆ ತಟ್ಟಿ ನೋಡಿದರು. ಕನ್ನಡಿ ಸ್ಟುಡಿಯೋಗೆ ಹೋಗಿತ್ತು. ಆ ಜಾಗದಲ್ಲಿ ಬಟ್ಟೆಯ ಬೀರು ನಿಂತಿತ್ತು. ಅವರ ತಲೆಗೂದಲು ಅಂದಿನಂತೆಯೇ ದಿಕ್ಕಾಪಾಲಾಗಿತ್ತು. ನೆತ್ತಿಯ ಮೇಲೊಂದು ಸುಳಿಯಂತೂ ಅತ್ತೆಯನ್ನೇ ಕೂಗಿ ಕರೆಯುತ್ತಿತ್ತು. ಅತ್ತೆ ಎರಡೂ ಕೈಗಳನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕುಳಿತರು.

ಅಳತೆ ಮುಗಿಸಿದ ಅಧಿಕಾರಿ ಕಡತ ಮುಚ್ಚಿ, "ಇವತ್ತು ತಲೆ ಬಾಚೋದಿಲ್ವೇನಮ್ಮಾ?" ಎಂದು ಕೇಳಿದರು.

"ಇಲ್ಲ ಸ್ವಾಮಿ. ಇದು ಮನೆ" ಎಂದರು ಅತ್ತೆ. ಹೇಳುವಾಗ ದನಿ ಸಣ್ಣದಾಯಿತು.

ಅವರು ಕಡತವನ್ನು ಕಂಕುಳಿಗೆ ಸೇರಿಸಿ, "ಹೋದ ಸಲ ತೆಗೆಸಿದ ಫೋಟೋ ನೋಡಿ ನನ್ನ ಹೆಂಡತಿ, ಇದು ಯಾರದು ಅಂತ ಕೇಳಿದ್ಲು" ಎಂದು ಹೇಳಿ, ಕೈಮುಗಿದು ಹೊರಟರು.

ಹೊಸ ಆದೇಶ ಬಂತು. ಮುಂದಿನ ಕೋಣೆ ಮಾತ್ರ ಅಂಗಡಿ, ಉಳಿದದ್ದೆಲ್ಲ ವಾಸದ ಮನೆ. ಆ ಒಂದು ಕೋಣೆಯ ಹೆಚ್ಚಳ ಫೋಟೋದವನ ಕೈಗೆ ಎಟುಕುವಂಥದ್ದೇ. ಅವನು ಅಂಗಡಿ ಬಿಡಬೇಕಾಗಿರಲಿಲ್ಲ. ಅತ್ತೆಗೆ ಸಮಾಧಾನವಾಯಿತು. ಆದರೆ ಸಮಾಧಾನ ಎಂಬುದು ಇಷ್ಟು ನಿಶ್ಶಬ್ದವಾಗಿರುತ್ತದೆಂದು ಅವರು ಎಣಿಸಿರಲಿಲ್ಲ. ಗೋಡೆಯ ಆಚೆ ಕುರ್ಚಿ ಎಳೆದ ಸದ್ದು ಮಂದವಾಗಿ ಕೇಳುವುದು, ಯಾರೋ ಮಗು ಅಳುವುದು. ಅತ್ತೆ ಅರ್ಧ ಎದ್ದು, ಮತ್ತೆ ಕುಳಿತುಕೊಳ್ಳುವರು. ಅಂಗಡಿಗೆ ಹೋದರೆ ಮತ್ತೆಲ್ಲಿ ಯಾರ ಕಣ್ಣಿಗೆ ಬಿದ್ದು ಮತ್ತೇನು ಎಡವಟ್ಟಾಗುವುದೋ ಎಂದು ಆ ಕಡೆ ಹೆಜ್ಜೆಯನ್ನೇ ಇಡಲಿಲ್ಲ. ಫೋಟೋದವನು ಸಂಜೆ ಓಣಿಯ ಬಾಗಿಲಿಗೆ ಬಂದು ಮಾತಾಡಿಸಿ ಹೋಗುವನು. ಅತ್ತೆ "ಚೆನ್ನಾಗಿದೀನಿ" ಎನ್ನುವರು. ಅವನು ನಂಬುವಷ್ಟು ದಡ್ಡನೇನೂ ಆಗಿರಲಿಲ್ಲ.

ಹೊಸ ಕರಾರು ಬರೆಸುವುದು ಬಾಕಿಯಿತ್ತು. ವಕೀಲೆಯ ಕೋಣೆಯಲ್ಲಿ ಮೂವರೂ ಕುಳಿತರು. ಅವಳು ಒಂದೊಂದೇ ಷರತ್ತನ್ನು ಓದಿ, ಅರ್ಥ ಹೇಳಿ, ಮುಂದೆ ಹೋಗುತ್ತಿದ್ದಳು. ಅವಧಿ ಐದು ವರ್ಷ. ಬಾಡಿಗೆ ಇಷ್ಟು. ಜಾಗ, ನಕ್ಷೆಯಲ್ಲಿ ಕೆಂಪು ಗೆರೆಯೊಳಗಿನದು ಮಾತ್ರ. ಹೆಚ್ಚಿನ ತೆರಿಗೆ ಆ ಜಾಗದ ಮಟ್ಟಿಗೆ ಬಾಡಿಗೆದಾರರದು.

"ಇನ್ನೊಂದು ಮಾಮೂಲಿ ಷರತ್ತು. ಮಾಲೀಕರು ಮುಂಚಿತವಾಗಿ ತಿಳಿಸಿ, ವರ್ಷಕ್ಕೊಮ್ಮೆ ಜಾಗಕ್ಕೆ ಬಂದು ಪರಿಶೀಲನೆ ಮಾಡಬಹುದು."

"ಅದು ಸರಿಯಿಲ್ಲ" ಎಂದ ಫೋಟೋದವನು.

ಇಬ್ಬರೂ ಅವನ ಕಡೆ ನೋಡಿದರು. ಇಷ್ಟು ಹೊತ್ತು ತಲೆಯಾಡಿಸುತ್ತಿದ್ದವನು ಮೊದಲ ಬಾರಿಗೆ ಆಕ್ಷೇಪವೆತ್ತಿದ್ದ.

"ವರ್ಷಕ್ಕೊಮ್ಮೆ ಅನ್ನೋದು ಹೊಡೆದುಹಾಕಿ. ಪ್ರತಿದಿನ ಅಂತ ಬರೀರಿ. ಮುಂಚಿತವಾಗಿ ತಿಳಿಸೋದೂ ಬೇಡ. ಬಂದವರು ಎಷ್ಟು ಹೊತ್ತು ಬೇಕಾದ್ರೂ ಕೂತು ಪರಿಶೀಲಿಸ್ಬಹುದು ಅಂತ ಸೇರಿಸಿ."

ವಕೀಲೆ ಪೆನ್ನು ಕೆಳಗಿಟ್ಟಳು. "ನೋಡಿ, ನಾನು ಅತ್ತೆ ಪರ ವಕೀಲೆ. ನಿಮ್ಮ ಪರ ಆಗಿದ್ರೆ ಇಂಥ ಷರತ್ತಿಗೆ ಸಹಿ ಹಾಕ್ಬೇಡಿ ಅಂತ ಕೈ ಹಿಡ್ಕೊಳ್ತಿದ್ದೆ. ಮಾಲೀಕರು ದಿನಾ ಬಂದು ತಲೆ ಮೇಲೆ ಕೂತ್ರೆ ಯಾವ ಬಾಡಿಗೆದಾರ ಸಹಿಸ್ಕೊಳ್ತಾನೆ?"

"ತಲೆ ಮೇಲೆ ಕೂರೋದಿಲ್ಲ, ತಲೆ ಬಾಚ್ತಾರೆ" ಎಂದ ಅವನು. "ಅವರು ಬರೋದು ಬಿಟ್ಟ ಮೇಲೆ ನನ್ನ ಫೋಟೋಗಳೆಲ್ಲ ಪೊಲೀಸರು ಹಿಡ್ಕೊಂಡು ಬಂದವರ ಥರ ಇವೆ."

ಅತ್ತೆ ಗಾಬರಿಯಿಂದ ವಕೀಲೆಯ ಮುಖ ನೋಡಿದರು. "ಪುಟ್ಟಿ, ನಾನು ಅಲ್ಲಿಗೆ ಹೋದ್ರೆ ಮತ್ತೆ ಮನೆಗೆ ಅಂಗಡಿ ದರ ಹಾಕ್ತಾರಾ?"

"ತೆರಿಗೆ ಹಾಕೋದು ಕೋಣೆಗೆ ಅತ್ತೆ, ನಿಮ್ಮ ಕಾಲಿಗಲ್ಲ. ಅಂಗಡಿ ನಿಮ್ಮನೆಗೆ ಬರೋ ಹಾಗಿಲ್ಲ ಅಷ್ಟೇ. ನೀವು ಅಂಗಡಿಗೆ ಹೋಗೋಕೆ ಯಾರ ಅಡ್ಡಿ?" ಅವಳು ಹಳೆಯ ಸಾಲನ್ನು ಹೊಡೆದು ಹೊಸದನ್ನು ಬರೆಯತೊಡಗಿದಳು. ಅಕ್ಷರ ಸ್ವಲ್ಪ ವಾಲಿತು. ಕನ್ನಡಕದ ಗಾಜು ಮಸುಕಾಗಿತ್ತು.

ನೋಂದಣಿ ಕಚೇರಿಯಲ್ಲಿ ಅಧಿಕಾರಿಣಿ ಕರಾರು ಓದುತ್ತ ಆ ಷರತ್ತಿಗೆ ಬಂದು ನಿಂತರು. ಮೂಗಿನ ಮೇಲಿನ ಕನ್ನಡಕದ ಮೇಲಿಂದ ಫೋಟೋದವನನ್ನು ನೋಡಿ, "ಪ್ರತಿದಿನ ಪರಿಶೀಲನೆಯಾ? ಓದಿಕೊಂಡು ಒಪ್ಪಿದೀರಾ? ಯಾರೂ ಬಲವಂತ ಮಾಡಿಲ್ಲ ತಾನೇ?" ಎಂದು ಕೇಳಿದರು.

"ಒಪ್ಪಿದೀನಿ. ಭಾನುವಾರ ಅಂಗಡಿಗೆ ರಜ, ಅಷ್ಟೇ."

"ಭಾನುವಾರ ನಾನೂ ಬರೋಲ್ಲ. ಬಟ್ಟೆ ಒಗೆಯೋದಿರುತ್ತೆ" ಎಂದರು ಅತ್ತೆ, ಬಿಗಿಯಾಗಿಯೇ. ಆಮೇಲೆ ಹೆಬ್ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಮಾಲೀಕರ ಜಾಗದಲ್ಲಿ ಒತ್ತಿ, ಪಕ್ಕದಲ್ಲಿ ಸಂಬಳದ ಪಟ್ಟಿಯ ಆ ಹಳೆಯ ಹೆಸರನ್ನು ನಿಧಾನವಾಗಿ ಬರೆದರು. ಎದ್ದು ನಿಂತು ಗಡಿಯಾರ ನೋಡಿದರು. ಇನ್ನೂ ಮಧ್ಯಾಹ್ನವಾಗಿರಲಿಲ್ಲ.

"ನಡಿ ತಮ್ಮಾ, ಬೇಗ ಹೋಗೋಣ. ಇವತ್ತಿನ ಪರಿಶೀಲನೆ ಬಾಕಿ ಇದೆ."