ಹುಚ್ಚೀರಪ್ಪನವರ ಭಾನುವಾರದ ಸಿನಿಮಾ
ಮರಳಿ ಗ್ರಾಮದ ನಿವೃತ್ತ ಲೈನ್‌ಮನ್ ಹುಚ್ಚೀರಪ್ಪ ಪ್ರತಿ ಭಾನುವಾರ ಗಂಗಾವತಿಯಿಂದ ಒಂದು ಸಾಂಸಾರಿಕ ಹಾಸ್ಯಚಿತ್ರದ ಸಿ.ಡಿ. ತರುತ್ತಾರೆ; ಅದು ತಪ್ಪದೆ ಕೆಟ್ಟದ್ದೇ ಆಗಿರುತ್ತದೆ. ಬೇರೆ ಬೇರೆ ಒಲೆ ಹೂಡಿ, ವರ್ಷದಿಂದ ಪರಸ್ಪರ ಮಾತು ಬಿಟ್ಟಿರುವ ಇಬ್ಬರು ಮಕ್ಕಳನ್ನೂ ಕರೆದು ಒಂದೇ ಜಮಖಾನದ ಮೇಲೆ ಕೂರಿಸುತ್ತಾರೆ. "ಈಗ ನಗು ಬರತೈತಿ, ನೋಡ್ರಿ!" ಎಂದು ತಾವೇ ಮೊದಲು ನಗುತ್ತಾರೆ. ಹೆಂಡತಿ ಪಾರ್ವತೆಮ್ಮ ಕಾದು ಕಾದು ಕೇಳುತ್ತಾರೆ: "ಬಂದು ಹೋತೇನ್ರಿ?" ಸೊಸೆ ಮೇಘಾ ಏಳಹೋದರೆ, "ಕುಂದ್ರವ್ವಾ, ಮುಂದ ಭಾಳ ಛಲೋ ಐತಿ" ಎನ್ನುತ್ತಾರೆ ಹುಚ್ಚೀರಪ್ಪ, ತಾವೂ ನೋಡಿರದ ಚಿತ್ರಕ್ಕೆ ಜಾಮೀನು ನಿಂತವರಂತೆ. ಮುಂದಿನದು ಇನ್ನೂ ಕೆಟ್ಟದಾಗಿರುತ್ತದೆ. ಮೊನ್ನೆಯಂತೂ ಹಿರಿಯ ಮಗ ತಾಳಲಾರದೆ ಕಿರಿಯವನತ್ತ ತಿರುಗಿದ: "ಹನುಮೇಶ, ಅಪ್ಪಗ ಇಂಥಾವು ಎಲ್ಲಿ ಸಿಗತಾವಲೇ?" "ಹುಡುಕಿ ಹುಡುಕಿ ತರ್ತಾನ ಬಿಡಣ್ಣಾ!" ಹುಚ್ಚೀರಪ್ಪ ರಿಮೋಟ್ ಎತ್ತಿಕೊಂಡು ಟಿ.ವಿ.ಯ ಸದ್ದನ್ನು ಮೆಲ್ಲಗೆ ತಗ್ಗಿಸಿದರು.