ಮಿಲಿಟರಿ ಪಾಸು ಮಾಡಿದ ಮೈ

ನನ್ನ ಮೈದುನ ಅಶ್ವಥ್ ಸೈನ್ಯದಲ್ಲಿ ಹವಾಲ್ದಾರ. ಕುಶಾಲನಗರದ ಪಕ್ಕದ ನಮ್ಮೂರಿಗೆ ಅವನು ರಜೆಯಲ್ಲಿ ಬಂದನೆಂದರೆ ಹಿಂದೆ ಮುಂದೆ ಜನ. ಮಿಲಿಟರಿ ಕ್ಯಾಂಟೀನಿನ ರಮ್ ಬಾಟಲಿಗೆ ಕೆಲವರು, ಗಡಿಯ ಸುದ್ದಿಗೆ ಕೆಲವರು. ಆದರೆ ಮದುವೆಯಾಗಿ ಎಷ್ಟು ವರ್ಷ ಕಳೆದರೂ ಅವನಿಗೂ ಸೌಮ್ಯಳಿಗೂ ಮಗುವಾಗಲಿಲ್ಲ. ತಪ್ಪೆಲ್ಲ ಸೌಮ್ಯಳ ತಲೆಗೆ ಬಂತು.

ನಮ್ಮ ಅತ್ತೆ ಕಾಮಾಕ್ಷಮ್ಮನದು ಒಂದೇ ವಾದ. "ನನ್ ಮಗನ್ನ ಸರ್ಕಾರದವ್ರೇ ಬಟ್ಟೆ ಬಿಚ್ಚಿಸಿ, ಎದೆ ಅಳ್ದು, ಪಾಸು ಮಾಡಿ ತಗಂಡವ್ರೆ. ಐಬು ಇದ್ದಿದ್ರೆ ಬುಡೋರಾ?"

ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೈದಾನದಲ್ಲಿ ಓಡಿಸಿ ನೋಡುವವರು ಮಕ್ಕಳಾಗುತ್ತವೆಯೇ ಎಂದೂ ನೋಡುತ್ತಾರೆಯೇ? ಆದರೆ ಊರೇ ಆ ಮಾತನ್ನು ನಂಬಿತ್ತು. ಸೌಮ್ಯಳೂ ನಂಬಿದ್ದಳು. ಮೈಸೂರಿನಲ್ಲಿ ಅವಳಿಗೆ ಮಾಡಿಸದ ಪರೀಕ್ಷೆಯಿಲ್ಲ, ಅವಳು ಹೊರದ ಹರಕೆಯಿಲ್ಲ. ಗಂಡನನ್ನೂ ಕರೆತನ್ನಿ ಎಂದು ಡಾಕ್ಟರು ಹೇಳಿದರೆ, "ಅವ್ರು ಮಿಲ್ಟ್ರೀಲವ್ರೆ" ಎಂದು ಎದ್ದು ಬಂದುಬಿಡುತ್ತಿದ್ದಳು.

ಹೀಗಿರುವಾಗ ಅಶ್ವಥ್ ಸೊರಗತೊಡಗಿದ. ರಜೆಗೆ ಬಂದರೆ ಹಗಲೆಲ್ಲ ನಿದ್ದೆ, ಹೆಂಡತಿಯ ಕಡೆ ಮನಸ್ಸೇ ಇಲ್ಲ. ಅವನ ರಕ್ತದಲ್ಲಿ ಟೆಸ್ಟೋಸ್ಟೆರಾನ್ ತೀರಾ ಕಡಿಮೆಯಾಗಿದೆ ಎಂದು ಪತ್ತೆ ಮಾಡಿದ್ದು ಅವನ ಯೂನಿಟ್ ಇದ್ದ ಪಟ್ಟಣದ ಒಬ್ಬ ಖಾಸಗಿ ಡಾಕ್ಟರು. ಸೈನ್ಯದ ಡಾಕ್ಟರಿಗೆ ಹೇಳಿದರೆ ಮೆಡಿಕಲ್ ಕೆಟಗರಿ ಇಳಿಸುತ್ತಾರೆ, ಸುಬೇದಾರನಾಗುವ ದಾರಿ ಮುಚ್ಚುತ್ತದೆ, ಜೊತೆಯವರು ನಗುತ್ತಾರೆ ಎಂಬ ಭಯ ಅವನಿಗೆ. ಕದ್ದುಮುಚ್ಚಿ ಹೊರಗೇ ಆ ಹಾರ್ಮೋನಿನ ಇಂಜೆಕ್ಷನ್ ಶುರು ಮಾಡಿಸಿಕೊಂಡ.

ಮುಂದಿನ ರಜೆಗೆ ಬಂದವನು ಬೇರೆಯೇ ಮನುಷ್ಯ. ಬೆಳಗಾಗುತ್ತಲೇ ಶುಂಠಿಗೆ ಮಣ್ಣು ಏರಿಸಿದ, ಹೆಂಡತಿಯನ್ನು ಬೈಕಿನಲ್ಲಿ ದುಬಾರೆ ಸುತ್ತಿಸಿದ. ಸೌಮ್ಯ ಮತ್ತೆ ಆಸೆ ಕಟ್ಟಿಕೊಂಡಳು. ಎರಡು ವರ್ಷ ತಿಂಗಳು ತಿಂಗಳೂ ಕಾದು ಅತ್ತಳು.

ಆಮೇಲೊಂದು ವಾರ್ಷಿಕ ತಪಾಸಣೆಯಲ್ಲಿ ಅವನ ರಕ್ತ ವಿಪರೀತ ಮಂದವಾಗಿರುವುದು ಸೈನ್ಯದ ಡಾಕ್ಟರ ಕಣ್ಣಿಗೆ ಬಿತ್ತು. ಏನು ಚುಚ್ಚಿಸಿಕೊಳ್ಳುತ್ತಿದ್ದೀಯ ಎಂದು ಗದರಿಸಿ ಕೇಳಿದಾಗ ಬಾಯಿಬಿಟ್ಟ. ಆ ಇಂಜೆಕ್ಷನ್ ಮೈಗೆ ಕಸುವು ಕೊಟ್ಟರೂ ವೀರ್ಯಾಣು ಹುಟ್ಟುವುದನ್ನೇ ನಿಲ್ಲಿಸುತ್ತದೆ, ಮಗು ಬೇಕಾದವರಿಗೆ ಬೇರೆ ಔಷಧಿಯಿದೆ, ಮೊದಲೇ ಹೇಳಿದ್ದರೆ ಅದನ್ನು ನಾವೇ ಕೊಡುತ್ತಿದ್ದೆವು ಎಂದರಂತೆ ಅವರು. ಪರೀಕ್ಷೆ ಮಾಡಿದರೆ ವೀರ್ಯಾಣು ಒಂದೂ ಇರಲಿಲ್ಲ. ಇಂಜೆಕ್ಷನ್ ನಿಂತಿತು, ಕೆಟಗರಿ ಇಳಿಯಿತು. ನಿಂತುಹೋದ ವೀರ್ಯಾಣು ಮರಳಬಹುದು, ಮರಳದೆಯೂ ಇರಬಹುದು. ಸೌಮ್ಯಳಿಗೆ ಆಗಲೇ ನಲವತ್ತು ಹತ್ತಿರ.

ಇದನ್ನೆಲ್ಲ ಹೆಂಡತಿಗೆ ಒಬ್ಬನೇ ಹೇಳಲು ಧೈರ್ಯ ಸಾಲದೆ, ಕಳೆದ ರಜೆಯಲ್ಲಿ ಅವನು ನನ್ನನ್ನೂ ಅಡಿಗೆಮನೆಯಲ್ಲಿ ಕೂರಿಸಿಕೊಂಡ. ಸೌಮ್ಯ ಕೊನೆಯವರೆಗೂ ಕೇಳಿಸಿಕೊಂಡಳು.

"ಮಕ್ಕಳು ಬೇಕಾ ಅಂತ ಆ ಹೊರಗಿನ್ ಡಾಕ್ಟ್ರು ಕೇಳ್ಲಿಲ್ವಾ?"

"ಕೇಳಿದ್ರು. ಇಬ್ರು ಮಕ್ಕಳವ್ರೆ ಅಂದ್ಬುಟ್ಟೆ. ಇಲ್ಲ ಅನ್ನಕ್ಕೆ ನಾಚ್ಕೆ ಆಯ್ತು."

ನನ್ನ ಕೈ ಅವನ ಕೆನ್ನೆಗೆ ಹೋಗುವುದರಲ್ಲಿತ್ತು. ಇಷ್ಟು ವರ್ಷ ಬಂಜೆ ಎನ್ನಿಸಿಕೊಂಡವಳು ಇವಳು, ನಾಚಿಕೆ ಇವನಿಗೆ! ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಸೌಮ್ಯ ಕೇಳಿದಳು.

"ಏನ್ ಮಕ್ಕಳು ಅಂದ್ರಿ?"

"ದೊಡ್ಡದು ಹೆಣ್ಣು. ಚಿಕ್ಕದು ಗಂಡು."

"ಹೆಸ್ರು?"

"ಹೆಸ್ರು ಅವ್ರು ಕೇಳ್ಲಿಲ್ಲ ಕಣೆ."

"ಕೇಳಿದ್ರೆ ಲಿಖಿತಾ ಅನ್ಬೇಕಿತ್ತು," ಎಂದಳು ಸೌಮ್ಯ. "ಹೆಣ್ಣಿಗೆ ಅದೇ ಹೆಸ್ರು ಅಂತ ಮದ್ವೆಯಾದ್ ವರ್ಷವೇ ಅನ್ಕಂಡಿದ್ದೆ."