ಫುಲ್‌ಸ್ಟಾಪ್ ಇಲ್ಲದ ಅಮ್ಮ, ಉಸಿರಿಲ್ಲದ ನಾನು

ಏಳನೇ ವಯಸ್ಸಿನಲ್ಲಿ ನನಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಆಗ ಕೊಟ್ಟ ಕೆಂಪು ಔಷಧಿ ಬಲು ಕರ್ತವ್ಯನಿಷ್ಠ. ಕ್ಯಾನ್ಸರನ್ನು ಓಡಿಸಿ, ಹೋಗುವ ದಾರಿಯಲ್ಲಿ ಹೃದಯಕ್ಕೂ ಎರಡು ಬಿಗಿದು ಹೋಯಿತು. ಇದು ಗೊತ್ತಾದದ್ದು ಹತ್ತೊಂಬತ್ತರಲ್ಲಿ, ಕಾಲೇಜಿನ ಮೆಟ್ಟಿಲ ಮೇಲೆ ಕುಸಿದು ಕುಳಿತಾಗ. ಅಲ್ಲಿಯವರೆಗೆ ನನ್ನ ಸುಸ್ತನ್ನು ಸೋಮಾರಿತನ ಎಂದೇ ಎಲ್ಲರೂ ನಂಬಿದ್ದರು, ನಾನೂ ಸೇರಿ.

ಡಾಕ್ಟರು ಮಾತ್ರೆಯ ಜೊತೆ ವ್ಯಾಯಾಮವನ್ನೂ ಬರೆದರು. ಸುಸ್ತಾದ ಹೃದಯಕ್ಕೆ ಕೆಲಸ ಹೇಳುವ ಈ ನ್ಯಾಯ ಅಮ್ಮನಿಗೆ ಹಿಡಿಸಲಿಲ್ಲ. ಹನ್ನೆರಡು ವರ್ಷ ನನ್ನನ್ನು ಗಾಜಿನ ಲೋಟದ ಹಾಗೆ ಎತ್ತಿಟ್ಟುಕೊಂಡಿದ್ದವಳು ಅವಳು. ನನಗೆ ಬೇಕಿದ್ದುದು ಒಂದೇ: ತ್ಯಾಗರಾಜನಗರದ ನಮ್ಮ ರಸ್ತೆಯ ಭಾನುವಾರದ ಕ್ರಿಕೆಟ್. ಅಲ್ಲಿ ನಾನು ಖಾಯಂ ಕಾಮೆಂಟೇಟರ್. ಒಂದು ಓವರಾದರೂ ಬೌಲ್ ಮಾಡಬೇಕಿತ್ತು. ಮೂರು ತಿಂಗಳು ನಿಯಮದಂತೆ ನಡೆದರೆ ನೋಡೋಣ ಎಂದರು ಡಾಕ್ಟರು.

ಹೀಗೆ ಜಯನಗರದ ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ ಟ್ರೆಡ್‌ಮಿಲ್ ಹತ್ತಿದೆ. ಮಾತ್ರೆ ನಾಡಿಬಡಿತವನ್ನು ತಗ್ಗಿಸುತ್ತಿದ್ದುದರಿಂದ ನನಗೆಷ್ಟು ದಣಿವಾಗಿದೆ ಎಂಬುದಕ್ಕೆ ನಾಡಿಯನ್ನು ಪೂರ್ತಿ ನಂಬುವಂತಿರಲಿಲ್ಲ. ಆದ್ದರಿಂದ ಅಲ್ಲಿನ ಮೇಡಂ ಒಂದು ನಿಯಮ ಹೇಳಿದರು: ನಡೆಯುತ್ತಲೇ ಮಾತಾಡಬೇಕು, ವಾಕ್ಯ ತುಂಡಾದರೆ ವೇಗ ಇಳಿಸಬೇಕು. ಮಿಮಿಕ್ರಿ ಮಾಡುವವನಿಗೆ ಇಂಥ ಪರೀಕ್ಷೆ! ನಮ್ಮ ರಸ್ತೆಯ ರಿಟೈರ್ಡ್ ಅಂಕಲ್ ಒಬ್ಬರ ದನಿ ತೆಗೆದೆ. ಅವರು ಪದಕ್ಕೊಂದು ನಿಟ್ಟುಸಿರು ಬಿಡುವವರು. ಎಲ್ಲರೂ ನಕ್ಕರು, ವೇಗ ಏರಿತು. ಅಂಕಲ್ಲರ ನಿಟ್ಟುಸಿರುಗಳ ಮರೆಯಲ್ಲಿ ನಾನು ಗಾಳಿ ಕದಿಯುತ್ತಿದ್ದುದು ಯಾರಿಗೂ ಕಾಣಲಿಲ್ಲ.

ಮೂರನೇ ವಾರ ಮೇಡಂ ನಗಲಿಲ್ಲ.

"ಅಂಕಲ್ ಸಾಕು. ನಿಮ್ಮಮ್ಮನ ಥರ ಮಾತಾಡು, ನೋಡೋಣ."

ಅಮ್ಮ ಅಲ್ಲೇ ಬೆಂಚಿನ ಮೇಲೆ ಫ್ಲಾಸ್ಕ್ ಹಿಡಿದು ಕೂತಿದ್ದಳು. ಅವಳ ಮಾತಿಗೆ ಫುಲ್‌ಸ್ಟಾಪ್ ಇಲ್ಲ. ಅವಳ ದನಿ ತೆಗೆದೆ.

"ಓಡ್ಬೇಡ ಕಣೋ ಬೆವರ್ತೀಯ ಬೆವರಿದ್ರೆ ನೆಗಡಿ ಆಗುತ್ತೆ ನೆಗಡಿ..."

ಅಷ್ಟೇ. ಕಂಬಿ ಹಿಡಿದು ಜೋತುಬಿದ್ದೆ. ಮೇಡಂ ಬೆಲ್ಟ್ ನಿಲ್ಲಿಸಿದರು.

"ಮೂರು ವಾರದಿಂದ ನನ್ನ ಕಣ್ಣಿಗೆ ಮಣ್ಣೆರಚ್ತಿದ್ದೀಯ. ನಿನ್ನ ಹಾರ್ಟ್‌ಗೆ ಮಿಮಿಕ್ರಿ ಅರ್ಥ ಆಗಲ್ಲ ಕಣೋ."

ಮತ್ತೆ ಮೊದಲ ವೇಗಕ್ಕೆ ಇಳಿದೆ. ಪಕ್ಕದ ಯಂತ್ರದಲ್ಲಿ ಮಂಡಿ ಆಪರೇಷನ್ ಆದ ಅಜ್ಜಿ ನನಗಿಂತ ಜೋರಾಗಿ ನಡೆಯುತ್ತಿದ್ದರು, ಮರುಕದಿಂದ ನೋಡುತ್ತಾ. ಅಂದಿನಿಂದ ಅಮ್ಮನ ಬೈಗುಳವೇ ನನ್ನ ಅಳತೆಕೋಲು. ಉಸಿರು ತುಂಡಾಗದೆ ಒಂದು ತಿಂಗಳಿಗೆ 'ನೆಗಡಿ'ಯ ಮಾತು ದಾಟಿದೆ, ಎರಡಕ್ಕೆ 'ಜ್ವರ'ದ್ದು. ಅದರಾಚೆ ಏನಿದೆಯೆಂದು ನನಗೇ ಗೊತ್ತಿರಲಿಲ್ಲ. ಅವಳ ಬೈಗುಳವನ್ನು ನಾನು ಕೊನೆತನಕ ಕೇಳಿದವನೇ ಅಲ್ಲ. ಮನೆಯಲ್ಲಿ ಬೇಕೆಂದೇ ಬೈಸಿಕೊಂಡು, ಕೂತು ಪೂರ್ತಿ ಕೇಳಿದೆ.

ಮೂರನೇ ತಿಂಗಳು ಟ್ರೆಡ್‌ಮಿಲ್ ಮೇಲೆ ಅದನ್ನು ತುಂಡಾಗದಂತೆ ಒಪ್ಪಿಸಿದೆ: "...ಜ್ವರ ಬಂದ್ರೆ ಆಸ್ಪತ್ರೆ ಆಸ್ಪತ್ರೆಗೆ ಆವತ್ತಿನ ಥರ ನಿನ್ನ ಎತ್ಕೊಂಡು ಓಡೋಕೆ ಈಗ ನನ್ನ ಕೈಲಿ ಆಗಲ್ಲ ಕಣೋ."

ಯಾರೂ ನಗಲಿಲ್ಲ. ನಾನೇನು ಹಂಗೆ ಮಾತಾಡ್ತೀನಾ ಎಂದು ಅಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದಳು. ಅದು ಆಗಲೇ ತೆರೆದಿತ್ತು.

ಡಾಕ್ಟರು ಒಂದು ಓವರಿಗೆ ಒಪ್ಪಿದರು. ಭಾನುವಾರ ಬೌಲ್ ಮಾಡಿದೆ. ನಾಲ್ಕು ಬಾಲಾದರೂ ಒಂದೂ ಲೆಕ್ಕಕ್ಕೆ ಬರಲಿಲ್ಲ. ಗೇಟಿನಿಂದ ಅಮ್ಮನ ದನಿ ಬಂತು.

"ಒಂದೇ ಓವರ್ ಅಂದಿದ್ರಲ್ಲೋ ಡಾಕ್ಟ್ರು, ಇನ್ನೂ ಮುಗೀಲಿಲ್ವಾ?"

"ಎಲ್ಲಾ ವೈಡ್ ಅಮ್ಮ, ಇನ್ನೂ ಶುರುನೇ ಆಗಿಲ್ಲ," ಎಂದೆ, ಒಂದೇ ಉಸಿರಿಗೆ.